ಮಹಾಪೋಷಕರಿಗೆ ಮೊದಲ ಏಣಿ

ಸಹ್ಯಾದ್ರಿಯ ಬೆಟ್ಟ ಹತ್ತುವುದಕ್ಕೆ ಇದುವರೆಗೆ ಬೇಕಾಗಿದ್ದುದು ಎರಡು ಗಟ್ಟಿ ಮೊಣಕಾಲು, ಪುಣೆಯ ಸ್ವಾರಗೇಟ್ ನಿಲ್ದಾಣದಿಂದ ಹೊರಡುವ ಬೆಳಗಿನ ಎಸ್.ಟಿ. ಬಸ್ಸಿನಲ್ಲಿ ಒಂದು ಸೀಟು ಮತ್ತು ತಪ್ಪಲಿನ ಹಳ್ಳಿಯಲ್ಲಿ ಪಿಠಲೆ-ಭಾಕರಿ ಮಾಡಿಕೊಡುವ ಒಂದು ಮನೆ ಮಾತ್ರ. ಇಷ್ಟು ಜನ ಇಷ್ಟು ವರ್ಷ ಹತ್ತಿ ಇಳಿದರೂ ಈ ಕಾರ್ಯಕ್ಕೆ ಒಬ್ಬ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಸ್ವಾಗತ ಭಾಷಣವಂತೂ ಇಲ್ಲವೇ ಇಲ್ಲ ಎಂಬುದು ಪುಣೆಯ ಕನ್ನಡಿಗರಲ್ಲಿ ಕೆಲವರನ್ನು ಬಹುಕಾಲದಿಂದ ಕೊರೆಯುತ್ತಿತ್ತು. ಈಗ ಆ ಕೊರತೆ ನೀಗಿದೆ. 1860ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಮಂದಿ ಇದ್ದರೆ ಸಾಕೆಂದು ತಿಳಿದ ಕೋಥ್ರೂಡಿನ ಏಳು ಮಂದಿ ಗಣ್ಯರು, ಜಾಹೀರಾತನ್ನಾಗಲಿ ಪ್ರಾಯೋಜಕರನ್ನಾಗಲಿ ಹತ್ತಿರ ಸೇರಿಸದೆ ಕೇವಲ ಸದಸ್ಯರ ಚಂದಾದಿಂದಲೇ ನಡೆಯುವ ಒಂದು ಚಾರಣ ಬಳಗವನ್ನು ಸ್ಥಾಪಿಸಿದ್ದಾರೆ. ಏಳೂ ಮಂದಿ ಪದಾಧಿಕಾರಿಗಳಾದ್ದರಿಂದ ಮೊದಲ ಕೆಲವು ವಾರ ಬಳಗದಲ್ಲಿ ಸಾಮಾನ್ಯ ಸದಸ್ಯರು ಯಾರೂ ಇರಲಿಲ್ಲ.

ಆಸಕ್ತರೇ ಸೇರಿ ಬೆಟ್ಟ ಹತ್ತುವ ಕೂಟ ಕಟ್ಟುವುದು ಈ ಕಡೆ ಹೊಸ ಸಂಗತಿಯೇನಲ್ಲ. ಮುಂಬಯಿಯ ಗಿರಿವಿಹಾರ 1954ರಿಂದ ಇದೆ. ಪುಣೆಯ ಗಿರಿಪ್ರೇಮಿ 2012ರಲ್ಲಿ ತನ್ನ ಆರೋಹಿಗಳನ್ನು ಎವರೆಸ್ಟಿನ ತುದಿ ಮುಟ್ಟಿಸಿತು. ಆದರೆ ಅವರೆಲ್ಲ ಹಗ್ಗಕ್ಕೆ ಗಂಟು ಹಾಕುವುದು, ಬಂಡೆ ಹತ್ತುವುದು, ಗಾಯಗೊಂಡವರನ್ನು ಕೆಳಗಿಳಿಸುವುದು ಮುಂತಾದ ಕೈಕೆಲಸಗಳಲ್ಲೇ ಕಾಲ ಕಳೆದು ಸಂಘಟನೆಯ ಸೂಕ್ಷ್ಮಗಳನ್ನು ಕಡೆಗಣಿಸಿದರೆಂಬುದು ನಮ್ಮ ಸ್ಥಾಪಕರ ಖಚಿತ ಅಭಿಪ್ರಾಯ. ಅವರು ಆ ತಪ್ಪು ಮಾಡಲಿಲ್ಲ. ಬಳಗದ ಮೊದಲ ಮೂರು ಸಭೆಗಳು ಟೀ ಶರ್ಟಿನ ಬಣ್ಣಕ್ಕೆ ಮೀಸಲಾದವು. ಹಳದಿ-ಕೆಂಪು ಬೇಕೆಂದವರು ನಾಡಿನ ಅಭಿಮಾನವನ್ನೂ, ಹಸಿರು ಬೇಕೆಂದವರು ಪರಿಸರ ಪ್ರೇಮವನ್ನೂ ಮುಂದಿಟ್ಟರು. ಕಾಡಿನಲ್ಲಿ ಮಂಜು ಕವಿದಾಗ ಹಸಿರು ಅಂಗಿಯವನನ್ನು ಹುಡುಕುವುದು ಕಷ್ಟವೆಂದು ಹಿಂದಿನ ಸಾಲಿನಲ್ಲಿದ್ದ ಒಬ್ಬ ಯುವಕ ಹೇಳಿದಾಗ, ಅದು ಭದ್ರತಾ ಉಪಸಮಿತಿಗೆ ಸೇರಿದ ವಿಷಯವೆಂದೂ ಸದರಿ ಉಪಸಮಿತಿ ಇನ್ನೂ ರಚನೆಯಾಗಿಲ್ಲವೆಂದೂ ಅಧ್ಯಕ್ಷರು ತಿಳಿಸಿದರು. ಹಸಿರೇ ಗೆದ್ದಿತು. ಅಂಗಿಯ ಬೆನ್ನ ಮೇಲೆ ಒಂದು ಉಡುಪಿ ಹೋಟೆಲಿನ ಹೆಸರು ದಪ್ಪ ಅಕ್ಷರದಲ್ಲಿದೆ. ಅದರ ಮಾಲಕರು ಪ್ರಾಯೋಜಕರಲ್ಲ, ಮಹಾಪೋಷಕರು.

ಸದಸ್ಯತ್ವದಲ್ಲಿ ಸಾಮಾನ್ಯ, ಆಜೀವ, ಪೋಷಕ, ಮಹಾಪೋಷಕ ಎಂಬ ಶ್ರೇಣಿಗಳಿವೆ. ಎಲ್ಲರೂ ತುಳಿಯುವುದು ಅದೇ ಕೆಸರು, ಎಲ್ಲರಿಗೂ ಹತ್ತುವುದು ಅದೇ ಜಿಗಣೆ ಎಂದಮೇಲೆ ಹೆಚ್ಚು ಹಣ ಕೊಟ್ಟವರಿಗೆ ಏನು ಹೆಚ್ಚು ಕೊಡಬೇಕೆಂಬ ಪ್ರಶ್ನೆ ಸಮಿತಿಯನ್ನು ಬಹಳ ಕಾಡಿತು. ಪರಿಹಾರ ಸಿಕ್ಕಿದ್ದು ಕಳಸೂಬಾಯಿಯಲ್ಲಿ. 1646 ಮೀಟರ್ ಎತ್ತರದ, ಮಹಾರಾಷ್ಟ್ರದಲ್ಲೇ ಅತ್ಯುನ್ನತವಾದ ಈ ಶಿಖರದ ಕಡಿದಾದ ಜಾಗಗಳಲ್ಲಿ ಕಬ್ಬಿಣದ ಏಣಿಗಳಿವೆ. ಏಣಿಯನ್ನು ಶ್ರೇಣಿಯ ಪ್ರಕಾರ ಹತ್ತತಕ್ಕದ್ದು ಎಂಬ ನಿಯಮವನ್ನು ಸ್ಥಳದಲ್ಲೇ ಅಂಗೀಕರಿಸಲಾಯಿತು. ಮಹಾಪೋಷಕರು ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಾಗ, ಕೆಳಗಿನ ಬಾರಿ ಗ್ರಾಮದಿಂದ ತಲೆಯ ಮೇಲೆ ಮಜ್ಜಿಗೆಯ ಕೊಡ ಹೊತ್ತು ಬಂದ ಹೆಂಗಸೊಬ್ಬಳು ಏಣಿಯ ಪಕ್ಕದ ಬಂಡೆಯನ್ನೇ ಹಿಡಿದು ಎಲ್ಲರನ್ನೂ ದಾಟಿ ಹೋದಳು. ಆಕೆ ಯಾವ ಶ್ರೇಣಿಯಲ್ಲೂ ಇಲ್ಲದ್ದರಿಂದ ನಿಯಮಭಂಗವಾಯಿತೆಂದು ಹೇಳುವಂತಿಲ್ಲ.

ಚಂದಾ ಪ್ರತಿ ತಿಂಗಳೂ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಹೀಗೆ ಕಡಿತವಾಗುವ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಕಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಆ ಸಂದೇಶ ತಪ್ಪದೆ ಬರುತ್ತದೆ. ಮಳೆಯಿಂದ ಚಾರಣ ರದ್ದಾಗಿದೆಯೆಂಬ ಸಂದೇಶ ಮಾತ್ರ, ಅದಕ್ಕೆ ಯಾವ ನಿಯಮವೂ ಇಲ್ಲದ ಕಾರಣ, ಸ್ವಾರಗೇಟಿನಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಕೊಡೆ ಹಿಡಿದು ನಿಂತಾಗ ತಲುಪುತ್ತದೆ.

ಬಳಗದ ನಿಜವಾದ ಆಕರ್ಷಣೆ ಗುಪ್ತ ದಾರಿಗಳು. ಲೋಹಗಡ ಕೋಟೆಯಲ್ಲಿ ಭಾನುವಾರ ಸರತಿ ನಿಂತು ಬೇಸತ್ತವರಿಗೆ, ಯಾರೂ ತುಳಿಯದ ಕಾಡುದಾರಿಯನ್ನು ಸದಸ್ಯರಿಗೆ ಮಾತ್ರ ತೋರಿಸುವುದಾಗಿ ಬಳಗ ವಾಗ್ದಾನ ಮಾಡಿದೆ. ದಾರಿ ಗುಪ್ತವಾಗಿದ್ದಷ್ಟೂ ಸದಸ್ಯರು ಹೆಚ್ಚುತ್ತಾರೆ, ಸದಸ್ಯರು ಹೆಚ್ಚಿದಷ್ಟೂ ದಾರಿ ಅಗಲವಾಗುತ್ತದೆ. ಕಳೆದ ಮಳೆಗಾಲದಲ್ಲಿ ಇಂಥದೊಂದು ಯಾರೂ ತುಳಿಯದ ದಾರಿಗೆ ನಾಲ್ಕು ಬಸ್ಸು ಜನ ಇಳಿದಾಗ, ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕರು ಯಾರ ಮದುವೆಯೆಂದು ವಿಚಾರಿಸಿದರು. ಆ ದಾರಿಯನ್ನು ಬಳಗ ಕಂಡುಹಿಡಿಯಿತೆಂದು ವಾರ್ಷಿಕ ವರದಿಯಲ್ಲಿದೆ. ಮುದುಕರು ಅಲ್ಲಿ ಪ್ರತಿದಿನವೂ ಓಡಾಡುತ್ತಾರಾದರೂ ಅವರದು ಕೇವಲ ನಡಿಗೆ. ಚಾರಣವೆನ್ನಿಸಿಕೊಳ್ಳಲು ರಸೀದಿ ಬೇಕು.

ಮಳೆಗಾಲದಲ್ಲಿ ಜಿಲ್ಲಾಡಳಿತ ಜಲಪಾತ, ಅಣೆಕಟ್ಟುಗಳ ಸುತ್ತ ನಿಷೇಧಾಜ್ಞೆ ಹೊರಡಿಸಿದಾಗಲೂ ಬಳಗ ಧೃತಿಗೆಡಲಿಲ್ಲ. ಆಜ್ಞೆ ಪ್ರವಾಸಿಗರಿಗೆ ಸಂಬಂಧಿಸಿದ್ದು, ನಾವು ಚಾರಣಿಗರು ಎಂದು ಕಾನೂನು ಸಲಹೆಗಾರರು ಅರ್ಥ ವಿವರಿಸಿದರು. ತಡೆಗಟ್ಟೆಯ ಬಳಿ ನಿಂತಿದ್ದ ಪೊಲೀಸರಿಗೆ ಮರಾಠಿ ಮಾತ್ರ ಬರುತ್ತಿದ್ದುದರಿಂದಲೋ ಏನೋ ಈ ವಿವರಣೆ ಅವರಿಗೆ ತಲುಪಲಿಲ್ಲ.

2025ರ ಜುಲೈನಲ್ಲಿ ಮರಾಠರ ಹನ್ನೆರಡು ಕೋಟೆಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹನ್ನೊಂದು ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ಈ ಸಾಧನೆಯಲ್ಲಿ ಬಳಗದ ಪಾತ್ರವೇನೆಂದು ಕೇಳುವವರು ಕುತ್ಸಿತ ಬುದ್ಧಿಯವರು. ಪಟ್ಟಿಯಲ್ಲಿದ್ದ ರಾಜಗಡಕ್ಕೆ ಹೊರಟ ಸಂಭ್ರಮಾಚರಣೆಯ ಚಾರಣಕ್ಕೆ 'ಪರಂಪರೆ ಶುಲ್ಕ'ವೆಂದು ಪ್ರತ್ಯೇಕ ಹಣ ಪಡೆದು, ಅದನ್ನು ಡ್ರೋನ್ ಬಾಡಿಗೆಗೆ ವಿನಿಯೋಗಿಸಲಾಯಿತು. ತಪ್ಪಲಿನ ಗುಂಜವಣೆ ಗ್ರಾಮದಲ್ಲಿ ಮುಂಜಾನೆ ಆರಕ್ಕೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಗಣ್ಯರಿಗೆ ಶಾಲು-ಹಾರ, ಮಹಾಪೋಷಕರಿಂದ ಎರಡು ಮಾತು. ಆ ಎರಡು ಮಾತು ಮುಗಿದು ವಂದನಾರ್ಪಣೆಯಾಗುವಷ್ಟರಲ್ಲಿ ಮುಂಬಯಿಯಿಂದ ರಾತ್ರಿಯೇ ಹೊರಟು ಬಂದಿದ್ದ ಬೇರೊಂದು ತಂಡ ಮೇಲೆ ಕೋಟೆಯ ಸಮತಟ್ಟು ಭಾಗವಾದ ಪದ್ಮಾವತಿ ಮಾಚಿಯನ್ನು ನೋಡಿ ಇಳಿಯತೊಡಗಿತ್ತು. ನಮ್ಮವರು ಏರುವ ಹೊತ್ತಿಗೆ ಮಂಜು ತುಂಬಿ ಎದುರಿದ್ದವರ ಮುಖ ಕಾಣುತ್ತಿರಲಿಲ್ಲ. ಡ್ರೋನಿನಲ್ಲಿ ಸೆರೆಯಾದದ್ದು ಒಂದೂಕಾಲು ಗಂಟೆಯ ಶುದ್ಧ ಬಿಳುಪು.

ಕೋಟೆಯ ಗುಪ್ತ ಬಾಗಿಲಾದ ಚೋರ ದರವಾಜಾದ ಕೆಳಗಿನ ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದವರು, ಅಷ್ಟರಲ್ಲಿ ರಚನೆಯಾಗಿದ್ದ ಭದ್ರತಾ ಉಪಸಮಿತಿಯ ಸಂಚಾಲಕರೇ. ಹಿಂದೆ ತಿರುಗಿ ಫೋಟೋಕ್ಕೆ ನಿಂತಿದ್ದರು. ಹಸಿರು ಅಂಗಿಯಾದ್ದರಿಂದ ಪೊದೆಯಲ್ಲಿ ಅವರನ್ನು ಹುಡುಕಲು ತುಸು ಸಮಯ ಹಿಡಿಯಿತು. ಬಳಗದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಸ್ಮರಣಿಕೆಗಳಿದ್ದವು. ಕೂಗು ಕೇಳಿ ಬಂದ ಹಳ್ಳಿಯ ಹುಡುಗರು ಎರಡು ಬಿದಿರಿಗೆ ಕಂಬಳಿ ಕಟ್ಟಿ, ಸಂಚಾಲಕರನ್ನು ಮಲಗಿಸಿ, ಸರದಿಯ ಮೇಲೆ ಹೊತ್ತು ಕೆಳಗಿಳಿಸಿದರು. ಸಹ್ಯಾದ್ರಿಯಲ್ಲಿ ಇದು ಹೊಸದಲ್ಲ: ಲೋಣಾವಳಾದ ಶಿವದುರ್ಗ ಮಿತ್ರದಂಥ ಸ್ವಯಂಸೇವಕರು ಇಂಥ ಕರೆ ಬಂದರೆ ತಮ್ಮ ಅಂಗಡಿ, ಉದ್ಯೋಗ ಬಿಟ್ಟು ಹಗ್ಗ ಹಿಡಿದು ಹೊರಡುತ್ತಾರೆ, ಬಿದ್ದವನು ಯಾವ ಬಳಗಕ್ಕೆ ಚಂದಾ ಕಟ್ಟಿದ್ದಾನೆಂದು ಕೇಳುವುದಿಲ್ಲ. ಗುಂಜವಣೆಯ ಹುಡುಗರೂ ಏನೂ ಕೇಳಲಿಲ್ಲ. ಕಂಬಳಿ ಮಾತ್ರ ಆಂಬುಲೆನ್ಸಿನಲ್ಲಿ ಪುಣೆಗೆ ಹೋಗಿಬಿಟ್ಟಿತ್ತು. ಸಾಧ್ಯವಾದರೆ ಕಳಿಸಿಕೊಡಿ ಎಂದು ಆಮೇಲೆ ಫೋನು ಮಾಡಿದರು.

ಆಸ್ಪತ್ರೆಯಲ್ಲಿ ಕಂಬಳಿ ಸಿಗಲಿಲ್ಲ. ಹೊಸದೊಂದನ್ನು ಕೊಂಡುಕೊಡುವ ವಿಷಯ ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ಚರ್ಚೆಗೆ ಬಂದಾಗ, ನಿಧಿಯನ್ನು ಸದಸ್ಯರ ಹಿತಕ್ಕಾಗಿ ಮಾತ್ರ ವೆಚ್ಚ ಮಾಡತಕ್ಕದ್ದೆಂಬ ಉಪವಿಧಿಯನ್ನು ಖಜಾಂಚಿಗಳು ಓದಿ ಹೇಳಿದರು. ಹಾಗಾದರೆ ಆ ಹುಡುಗರನ್ನೇ ಗೌರವ ಸದಸ್ಯರನ್ನಾಗಿ ಮಾಡಬಾರದೇಕೆ ಎಂದು ಒಬ್ಬರು ಸೂಚಿಸಿದರು. ಗೌರವ ಸದಸ್ಯತ್ವದ ಅರ್ಜಿಯನ್ನು ಕನ್ನಡದಲ್ಲೇ ತುಂಬಬೇಕು, ಇಬ್ಬರು ಪೋಷಕರ ಶಿಫಾರಸು ಬೇಕು, ಟೀ ಶರ್ಟಿನ ಹಣ ಮುಂಗಡವಾಗಿ ಕಟ್ಟಬೇಕು. ಈ ತೊಡಕುಗಳ ಅಧ್ಯಯನಕ್ಕೆ ಮೂವರು ಸದಸ್ಯರ ಉಪಸಮಿತಿಯನ್ನು ನೇಮಿಸಿ ವಿಷಯವನ್ನು ಮುಂದೂಡಲಾಯಿತು. ಚಾರಣದ ವೇಳೆ ಅಪ್ರತಿಮ ಧೈರ್ಯ ತೋರಿದ ಸಂಚಾಲಕರಿಗೆ ಮೈಸೂರು ರೇಷ್ಮೆಯ ಶಾಲು ಹೊದಿಸಿ ಸನ್ಮಾನಿಸುವ ಠರಾವು ಅನಂತರ ಮಂಡನೆಯಾಗಿ, ಚರ್ಚೆಯಿಲ್ಲದೆ ಸರ್ವಾನುಮತದಿಂದ ಅಂಗೀಕೃತವಾಯಿತು.