ಚಿಕ್ಕಮಗಳೂರಿಗೆ ಇನ್ನೆಷ್ಟು ದೂರ?

ಕಳೆದ ಶನಿವಾರ ಬೆಳಗ್ಗೆ ಹನುಮಂತಪ್ಪ ವೃತ್ತದ ಬದಿಯಲ್ಲಿ ಸೊಪ್ಪಿನ ಕಟ್ಟು ಹಿಡಿದು, ರಸ್ತೆ ದಾಟಲು ಸಂದು ಸಿಕ್ಕೀತೇ ಎಂದು ಕಾಯುತ್ತ ನಿಂತಿದ್ದೆ. ಬೆಂಗಳೂರಿನ ನೋಂದಣಿಯ ಕಾರೊಂದು ಪಕ್ಕಕ್ಕೆ ಬಂದಿತು. ಅದರ ಗಾಜು ಅರ್ಧ ಇಳಿದು, ಒಳಗಿನ ತಂಪಿನಿಂದ ಒಂದು ಪ್ರಶ್ನೆ ಹೊರಬಿದ್ದಿತು: “ಸರ್, ಚಿಕ್ಕಮಗಳೂರಿಗೆ ಇನ್ನೆಷ್ಟು ದೂರ?” “ಇದೇ ಚಿಕ್ಕಮಗಳೂರು” ಎಂದೆ. “ಇದಲ್ಲ ಸರ್, ಆ ಚಿಕ್ಕಮಗಳೂರು” ಎಂದು ಅವರು ಫೋನಿನಲ್ಲಿದ್ದ ಮಂಜು ಮುಸುಕಿದ ಬೆಟ್ಟವೊಂದನ್ನು ತೋರಿಸಿದರು. ನಾನು ಬೆಟ್ಟದ ದಾರಿಯಲ್ಲಿರುವ ಕೈಮರದ ಕಡೆಗೆ ಕೈ ತೋರಿಸಿದೆ. ಇಷ್ಟು ವರ್ಷ ಕಂದಾಯ ಕಟ್ಟಿಕೊಂಡು ನಾನು ವಾಸವಾಗಿರುವುದು ಚಿಕ್ಕಮಗಳೂರಿನಲ್ಲಲ್ಲ, ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿರುವ ಒಂದು ಅಡಚಣೆಯಲ್ಲಿ ಎಂಬುದು ಅಂದು ತಿಳಿಯಿತು.

ಯೋಚಿಸಿ ನೋಡಿದರೆ ಅವರ ತಪ್ಪೇನೂ ಇಲ್ಲ. ಪ್ರವಾಸೋದ್ಯಮದ ಚಿತ್ರಪಟಗಳಲ್ಲಿ ನಮ್ಮೂರು ಎಂದರೆ ಮುಳ್ಳಯ್ಯನಗಿರಿಯ ನೆತ್ತಿ, ಒಂದು ಜೀಪು, ಒಂದು ಲೋಟ ಕಾಫಿ ಮತ್ತು ಎರಡೂ ತೋಳು ಚಾಚಿ ನಿಂತ ಒಬ್ಬ ಯುವಕ. ಮೂಡಿಗೆರೆಯ ಆಚೆ ಘಟ್ಟದ ಅಂಚಿನಲ್ಲಿರುವ ಹೋಂಸ್ಟೇ ಚಿಕ್ಕಮಗಳೂರು, ಕೊಪ್ಪದ ತೋಟದೊಳಗಿನ ಹೋಂಸ್ಟೇಯೂ ಚಿಕ್ಕಮಗಳೂರು. ಚಿಕ್ಕಮಗಳೂರು ಮಾತ್ರ ಚಿಕ್ಕಮಗಳೂರಲ್ಲ.

ಆದರೂ ಮೊದಲ ಬಾರಿ ಬಂದವರೊಬ್ಬರು, ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಊರಿನ ಬೀದಿಗಳನ್ನು ನೋಡೋಣ ಎಂದು ಕಾರಿನಿಂದ ಇಳಿದರು ಎಂದಿಟ್ಟುಕೊಳ್ಳೋಣ. ಅವರಿಗೆ ನಾವು ಒಡ್ಡುವ ಮೊದಲ ಪರೀಕ್ಷೆ ಅಕ್ಷರಮಾಲೆಯದು. ಎಂ.ಜಿ. ರಸ್ತೆ ಮಹಾತ್ಮ ಗಾಂಧಿಯವರದು, ಐ.ಜಿ. ರಸ್ತೆ ಇಂದಿರಾ ಗಾಂಧಿಯವರದು. ಇಷ್ಟನ್ನು ತಿಳಿದ ಬುದ್ಧಿವಂತರು ಆರ್.ಜಿ. ರಸ್ತೆಗೆ ಬಂದು ರಾಜೀವ್ ಗಾಂಧಿಯವರನ್ನು ನೆನೆದರೆ ಅದು ತರ್ಕಬದ್ಧವೇ. ಆದರೆ ಅದು ರತ್ನಗಿರಿ ರಸ್ತೆ. ಕೆ.ಎಂ. ರಸ್ತೆಯಲ್ಲಿ ಯಾವ ಮಹನೀಯರೂ ಇಲ್ಲ, ಕಡೂರು ಮತ್ತು ಮಂಗಳೂರು ಇವೆ. ಇಂದಿರಾ ಗಾಂಧಿಯವರಿಗೆ ಒಂದು ರಸ್ತೆ ಸಲ್ಲಲೇಬೇಕು. 1978ರ ಉಪಚುನಾವಣೆಯಲ್ಲಿ ಅವರು ವೀರೇಂದ್ರ ಪಾಟೀಲರನ್ನು ಸೋಲಿಸಿ ಇಲ್ಲಿಂದ ಲೋಕಸಭೆಗೆ ಹೋದರು. ಅದೇ ಡಿಸೆಂಬರಿನಲ್ಲಿ ಆ ಸಭೆ ಅವರ ಸದಸ್ಯತ್ವವನ್ನು ರದ್ದುಮಾಡಿತು. ಬಂದರು, ಗೆದ್ದರು, ಹೊರಟರು. ವಾರಾಂತ್ಯದ ಪ್ರವಾಸಕ್ಕೆ ನಮ್ಮೂರಿನಲ್ಲಿ ಅಷ್ಟು ಹಳೆಯ ಪರಂಪರೆಯಿದೆ.

ಅಕ್ಷರಗಳ ಒಗಟನ್ನು ಬಿಡಿಸಿದವರಿಗೂ ತಾವು ನಿಂತಿರುವ ಬೀದಿ ಯಾವುದೆಂದು ತಿಳಿಯುವುದು ಸುಲಭವಲ್ಲ. ನಾಮಫಲಕಗಳು ಇಲ್ಲವೆಂದಲ್ಲ, ಇವೆ. ಅವುಗಳಿಗೆ ಬಿಸಿಲು ತಾಗದಿರಲೆಂದು ಫ್ಲೆಕ್ಸ್‌ಗಳನ್ನು ಹೊದಿಸಲಾಗಿದೆ. ಹೀಗಾಗಿ ಹೊಸಬರಿಗೆ ಬಡಾವಣೆಯ ಹೆಸರು ಗೊತ್ತಾಗದಿದ್ದರೂ ಆ ಬಡಾವಣೆಯ ಭಾವೀ ನಾಯಕರೆಲ್ಲರ ಹುಟ್ಟಿದ ದಿನಾಂಕ, ಮೀಸೆಯ ಶೈಲಿ ಮತ್ತು ಶುಭ ಕೋರಿದ ಗೆಳೆಯರ ಬಳಗದ ಪಟ್ಟಿ ಕಂಠಪಾಠವಾಗುತ್ತದೆ.

ಆ ಹೆಸರುಗಳನ್ನು ಮುಚ್ಚಬಾರದಿತ್ತು, ಏಕೆಂದರೆ ಊರಿನ ಕಥೆಯೆಲ್ಲ ಅವುಗಳಲ್ಲೇ ಇದೆ. ಬಸವನಹಳ್ಳಿ, ರಾಮನಹಳ್ಳಿ, ಉಪ್ಪಳ್ಳಿ: ಪೇಟೆ ಒಂದೊಂದಾಗಿ ನುಂಗಿದ ಹಳ್ಳಿಗಳು ಇವು, ಹೆಸರಿನ ಬಾಲ ಮಾತ್ರ ಬಾಯಿಯ ಹೊರಗೆ ಉಳಿದಿದೆ. ದಂಟರಮಕ್ಕಿಯ ‘ಮಕ್ಕಿ’ ಎಂದರೆ ಮಳೆ ನಂಬಿದ ಎತ್ತರದ ಗದ್ದೆ ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮನೆಗೆ ಸೈಟು ಕೊಂಡವರಿಗೆ ಹೇಳಿ ಪ್ರಯೋಜನವಿಲ್ಲ. ಊರಿನ ಹೆಸರೇ ಒಂದು ಬಳುವಳಿಯ ದಾಖಲೆ. ಸಖರಾಯಪಟ್ಟಣದ ದೊರೆ ರುಕ್ಮಾಂಗದನು ಕಿರಿಯ ಮಗಳಿಗೆ ಕೊಟ್ಟದ್ದು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಹಿರೇಮಗಳೂರು ಎಂದು ಐತಿಹ್ಯವಿದೆ. ತಂಗಿ ನಗರವಾಗಿ ಬೆಳೆದು, ಅಕ್ಕನನ್ನು ತನ್ನ ಬಡಾವಣೆಗಳಲ್ಲಿ ಒಂದಾಗಿಸಿಕೊಂಡು, ಈಗ ಅವಳ ಮನೆಯ ಕಸಕ್ಕೂ ತಾನೇ ಗಾಡಿ ಕಳಿಸುತ್ತಾಳೆ. ಇಂಥ ಆಸ್ತಿ ಹಂಚಿಕೆ ನಮ್ಮ ಮನೆತನಗಳಲ್ಲಿ ಹೊಸದೇನಲ್ಲ. ಅಕ್ಕನ ಮನೆಯಲ್ಲಿ ಮಾತ್ರ ಇನ್ನೂ ನೋಡುವಂಥದ್ದಿದೆ: ಅಲ್ಲಿನ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ ಮತ್ತು ಪೂಜೆ ಕನ್ನಡದಲ್ಲಿ ನಡೆಯುತ್ತದೆ. ಕಾರಿನವರಿಗೆ ನಾನು ಇದನ್ನೂ ಹೇಳಿದ್ದೆ. ಅವರು ಹೆಸರನ್ನು ಫೋನಿನಲ್ಲಿ ಹುಡುಕುತ್ತ, “ಅಲ್ಲಿಂದ ವ್ಯೂ ಹೇಗಿದೆ ಸರ್?” ಎಂದು ಕೇಳಿದರು. ದೇವರ ಕಡೆಗೆ ಮುಖ ಮಾಡಿದರೆ ಚೆನ್ನಾಗಿದೆ ಎಂದೆ.

ಈಗ ಬೆಟ್ಟಕ್ಕೆ ಹೋಗಬೇಕಾದರೆ ಮೊದಲೇ ಆನ್‌ಲೈನ್ ನೋಂದಣಿ ಮಾಡಿಸಬೇಕು. ದಿನಕ್ಕೆ ಇಷ್ಟೇ ಗಾಡಿ ಎಂಬ ಮಿತಿ ಬಂದಿದೆ. ಬೆಟ್ಟಕ್ಕೆ ಅದು ಬೇಕೇ ಇತ್ತು, ಅದರಲ್ಲಿ ತಕರಾರಿಲ್ಲ. ಆದರೆ ಬೆಟ್ಟ ಎಷ್ಟು ಗಾಡಿ ತಾಳೀತು ಎಂದು ಎಣಿಸಿದವರಲ್ಲಿ ಒಬ್ಬರಾದರೂ ಐ.ಜಿ. ರಸ್ತೆ ಎಷ್ಟು ತಾಳೀತು ಎಂದು ಕೇಳಿದರೇ? ಬೆಟ್ಟದ ಸರದಿ ಸಿಗದವರು, ಸಿಕ್ಕವರು, ಸಿಗುವವರೆಗೆ ಕಾಯುವವರು ಎಲ್ಲರೂ ನಿಲ್ಲುವುದು ನಮ್ಮ ಬಾಗಿಲ ಮುಂದೆಯೇ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿದ ಮಕ್ಕಳು ಕಾರುಗಳ ನಡುವೆ ಚೀಲವನ್ನು ಎದೆಗೆ ಅವಚಿಕೊಂಡು ಅಡ್ಡಡ್ಡಲಾಗಿ ನುಸುಳುತ್ತಾರೆ. ಮಾರುಕಟ್ಟೆಗೆ ಬಂದ ಮುದುಕಿಯೊಬ್ಬಳಿಗೆ ಕೂರಲು ಒಂದು ಕಲ್ಲುಬೆಂಚಿಲ್ಲ, ಮೂತ್ರಕ್ಕೆ ಹೋಗಲು ಬಾಗಿಲು ತೆರೆದ ಶೌಚಾಲಯವಿಲ್ಲ. ರಸ್ತೆ ಅಗೆಯುತ್ತಾರೆ, ಮುಚ್ಚುತ್ತಾರೆ, ಮುಚ್ಚಿದ್ದನ್ನು ಮತ್ತೆ ಅಗೆಯುತ್ತಾರೆ; ಕಾಲುದಾರಿಯ ಸರದಿ ಬರುವಷ್ಟರಲ್ಲಿ ಹಣ ಮುಗಿದಿರುತ್ತದೆ. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೂ ಸಾಕಾಗಿದೆ. ನಡೆದು ಹೋಗುವ ಮನುಷ್ಯ ಈ ಊರಿನ ಯಾವ ನಕ್ಷೆಯಲ್ಲೂ ಇಲ್ಲ, ಅವನು ಇಲ್ಲೇ ಹುಟ್ಟಿದವನಾಗಿರಲಿ, ನಿನ್ನೆ ಬಂದವನಾಗಿರಲಿ.

ನಮ್ಮ ಬೀದಿಯ ತಿರುವಿನಲ್ಲಿ ಹೋದ ಮಳೆಗಾಲದಲ್ಲಿ ಎದ್ದ ಚರಂಡಿಯ ಚಪ್ಪಡಿ ಈ ಮಳೆಗಾಲಕ್ಕೂ ಹಾಗೆಯೇ ಇದೆ. ಯಾರೂ ಎಡವಿ ಬೀಳದಿರಲೆಂದು ಎದುರು ಮನೆಯ ಅಜ್ಜಿ ಅದರ ಮೇಲೆ ಒಡೆದ ಬಕೆಟ್ಟೊಂದನ್ನಿಟ್ಟು ದಾಸವಾಳದ ಕಡ್ಡಿ ನೆಟ್ಟಿದ್ದರು. ಈಗ ಅದು ಹೂ ಬಿಟ್ಟಿದೆ. ಕಳೆದ ಭಾನುವಾರ ಇಬ್ಬರು ಪ್ರವಾಸಿಗರು ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋದರು.