ಟವೆಲ್ ಒಣಗಿದರೆ ತಾನೇ ಬ್ಯಾಗ್ ತುಂಬೋದು!

ಈಜು ಸ್ಪರ್ಧೆಯ ಬ್ಯಾಗ್ ತುಂಬೋದು ಬಯಲುಸೀಮೆಯಲ್ಲಿ ಹತ್ತು ನಿಮಿಷದ ಕೆಲಸ ಇರಬಹುದು. ಆಷಾಢದ ಶಿವಮೊಗ್ಗದಲ್ಲಿ ಎರಡು ದಿನ ಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯಂತೂ ಕೇಳಲೇಬೇಡಿ. ನಿನ್ನೆ ಒಗೆದ ದಪ್ಪ ಟರ್ಕಿ ಟವೆಲ್ ಇವತ್ತೂ ಹಸಿ, ಮೇಲೆ ಮುಗ್ಗಲು ವಾಸನೆ. ಒಂದು ದಪ್ಪದ್ದರ ಬದಲು ಎರಡು ತೆಳು ಬೈರಾಸು ಇಡಿ: ವಾರ್ಮಪ್‌ಗೆ ಒಂದು, ರೇಸ್ ಮುಗಿದ ಮೇಲೆ ಒಂದು.

ಬೈರಾಸನ್ನು ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಹಾಕಿ, ಹೊಗೆ ವಾಸನೆ ಬಂದರೆ ಬರಲಿ. ಈಜುಡುಗೆಯನ್ನು ಮಾತ್ರ ಅಲ್ಲಿ ನೇತುಹಾಕಬೇಡಿ ಮಾರಾಯ್ರೆ! ಬಿಸಿಗೆ ಅದರ ಹಿಗ್ಗುವ ಎಳೆ ಸತ್ತು, ಬಟ್ಟೆ ಜೋಲುಬಿದ್ದು, ಡೈವ್ ಹೊಡೆದಾಗ ಒಳಗೆ ನೀರು ತುಂಬುತ್ತೆ. ತಣ್ಣೀರಲ್ಲಿ ಜಾಲಿಸಿ, ಹಿಂಡದೆ ಒಣ ಬಟ್ಟೆಯಲ್ಲಿ ಸುತ್ತಿ ಒತ್ತಿ, ಫ್ಯಾನ್ ಕೆಳಗೆ ಹಾಕಿ.

ಲ್ಯಾಟೆಕ್ಸ್ ಟೋಪಿ ಒದ್ದೆಯಾಗೇ ಮಡಚಿಟ್ಟರೆ ಅಂಟಿಕೊಂಡು, ಬಿಡಿಸುವಾಗ ಪರ್ ಅಂತ ಹರಿಯುತ್ತೆ. ಒರೆಸಿ ಒಳಗೆ ಚಿಟಿಕೆ ಪೌಡರ್ ಉದುರಿಸಿ. ಗಾಗಲ್ಸ್ ಎರಡು ಇರಲಿ, ಪಟ್ಟಿ ಕಿತ್ತುಬರೋದು ಯಾವಾಗಲೂ ಹೆಸರು ಕೂಗಿದ ಮೇಲೇ. ಮಂಜು ಕಟ್ಟಿತು ಅಂತ ಗಾಜಿನ ಒಳಮೈ ಬೆರಳಲ್ಲಿ ಉಜ್ಜಿದರೆ ಲೇಪ ಹೋಗಿ ಇನ್ನಷ್ಟು ಮಂಜು.

ವಯಸ್ಸಿನ ದಾಖಲೆ, ಜೆರಾಕ್ಸ್ ಜಿಪ್ ಕವರ್‌ನಲ್ಲಿ. ಒದ್ದೆ ಬಟ್ಟೆಗೆ ಬೇರೆ ಕವರ್. ಆ ಕವರ್ ಮನೆಗೆ ಬಂದ ತಕ್ಷಣ ಬಿಚ್ಚಬೇಕು. ಸೋಮವಾರದವರೆಗೆ ಬಿಟ್ಟರೆ ಒಳಗೆ ಬೂಷ್ಟು.