ನುಗ್ಗೆಸೊಪ್ಪು ಕುದಿಸಿ ನೀರು ಚೆಲ್ಲಬೇಡಿ

ನುಗ್ಗೆಸೊಪ್ಪಿನ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ, ಆದರೆ ಕಹಿ ಹೋಗಲು ನುಗ್ಗೆಸೊಪ್ಪನ್ನು ಹತ್ತು ನಿಮಿಷ ಕುದಿಸಿ ನೀರು ಚೆಲ್ಲಿ ಅಂದಿದ್ದೀರಲ್ಲ, ಅದೊಂದು ಒಪ್ಪಲಿಲ್ಲ. ಸಿ ಜೀವಸತ್ವ ನೀರಿಗೆ ಇಳಿಯುತ್ತದೆ, ಶಾಖಕ್ಕೂ ಹಾಳಾಗುತ್ತದೆ. ಅಷ್ಟು ಕುದಿಸಿ ಚೆಲ್ಲಿದರೆ ಅದರಲ್ಲಿ ಹೆಚ್ಚಿನ ಪಾಲು ಹೋಗಿಬಿಡುತ್ತದೆ, ಅಲ್ವಾ?

ಕಹಿ ಜಾಸ್ತಿ ಇರೋದು ಬಲಿತ ಎಲೆಯಲ್ಲಿ. ತುದಿಯ ಎಳೆ ಸೊಪ್ಪು ತೆಗೆದುಕೊಳ್ಳಿ. ಬಿಡಿಸೋದು ಬೇಜಾರು ಅನ್ನುವವರು ರಾತ್ರಿ ಬಟ್ಟೆಯಲ್ಲಿ ಸುತ್ತಿಟ್ಟು ಬೆಳಿಗ್ಗೆ ಕೊಡವಿ, ಎಲೆ ತಾನೇ ಉದುರುತ್ತದೆ. ಸಣ್ಣ ಕಡ್ಡಿ ಮಾತ್ರ ಆರಿಸಲೇಬೇಕು, ಬಾಯಿಗೆ ಚುಚ್ಚುತ್ತದೆ.

ನಮ್ಮ ಧಾರವಾಡದ ಕಡೆ ಇದರ ಪಲ್ಯಕ್ಕೆ ತೊಗರಿಬೇಳೆ ನೆನೆಸಿ, ಒಡೆಯದಂತೆ ಉದುರುದುರಾಗಿ ಬೇಯಿಸಿಟ್ಟುಕೊಳ್ಳುತ್ತೇವೆ. ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಧಾರಾಳವಾಗಿ ಹಾಕಿ, ಹಸಿಮೆಣಸಿನಕಾಯಿ ಬಾಡಿದ ಮೇಲೆ ಸೊಪ್ಪು ಸುರಿದು, ಮುಚ್ಚದೇ ನಾಲ್ಕೈದು ನಿಮಿಷ ಕೈಯಾಡಿಸಿದರೆ ಆಯ್ತು, ಆಮೇಲೆ ಬೇಳೆ, ಉಪ್ಪು, ಇಳಿಸುವಾಗ ಒಂದು ಮುಷ್ಟಿ ಶೇಂಗಾ ಪುಡಿ. ಶೇಂಗಾ ಬಿದ್ದರೆ ಉಳಿದ ಕಹಿ ಗೊತ್ತೇ ಆಗುವುದಿಲ್ಲ. ಬಿಸಿ ಜೋಳದ ರೊಟ್ಟಿ, ಪಕ್ಕದಲ್ಲಿ ಮೊಸರು ಇರಲಿ. ಹೂವು ಸಿಕ್ಕರೆ ಅದನ್ನೂ ಹೀಗೇ ಮಾಡಬಹುದು.

100 ಗ್ರಾಂ ಎಲೆಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಹಿತ್ತಲಲ್ಲಿ ಗಿಡ ಇಟ್ಟುಕೊಂಡು ಸುಮ್ನೆ ದುಬಾರಿ ನುಗ್ಗೆಸೊಪ್ಪಿನ ಪುಡಿ ಡಬ್ಬಿ ತರುವವರನ್ನು ನೋಡಿದರೆ ನಗು ಬರುತ್ತದೆ. ಇನ್ನೊಂದು, ಔಷಧಿ ಗಿಡ ಅಂತ ಬೇರು, ತೊಗಟೆ ಎಲ್ಲ ಕಷಾಯ ಮಾಡಲು ಹೋಗಬೇಡಿ, ಗರ್ಭಿಣಿಯರಂತೂ ಮುಟ್ಟಲೇಬಾರದು.